ಮಂಡಿ ಲೆಕ್ಕದ ಸಾಫ್ಟ್‌ವೇರ್: ಡೆಸ್ಕ್‌ಟಾಪ್‌ನಲ್ಲೇ ಉಳಿಯಲೋ, ವೆಬ್‌ಗೆ ಹೋಗಲೋ?

ಸಾಗರ_ಕೋಡ್ | ಶುಕ್ರವಾರ, ರಾತ್ರಿ 9:50

ನಮಸ್ಕಾರ ಎಲ್ಲರಿಗೂ. ಹದಿನಾರು ವರ್ಷದಿಂದ ಸಾಗರ, ಶಿರಸಿ ಕಡೆಯ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡ್ತಿದ್ದೇನೆ. ಒಬ್ಬನೇ. ಶುರುವಿಗೆ ವಿಬಿ6 (ಮೈಕ್ರೋಸಾಫ್ಟ್‌ನ ಹಳೇ ಪ್ರೋಗ್ರಾಮಿಂಗ್ ಭಾಷೆ) ಮತ್ತು ಆಕ್ಸೆಸ್ (ಅವರದ್ದೇ ಸಣ್ಣ ಡೇಟಾಬೇಸ್), 2013ರ ನಂತರ ವಿಬಿ ಡಾಟ್ ನೆಟ್ ಮತ್ತು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್. ಈಗ ಹನ್ನೊಂದು ಮಂಡಿಗಳಿವೆ. ಅದರಲ್ಲಿ ನಾಲ್ಕು ಇನ್ನೂ ಹಳೆಯ ಎಂಡಿಬಿ (ಆಕ್ಸೆಸ್‌ನ) ಫೈಲಿನ ಮೇಲೇ ನಡೀತಿವೆ. ಬದಲಾಯಿಸೋಣ ಅಂದ್ರೆ ಯಜಮಾನರು ಒಪ್ಪಲ್ಲ.

ಗೊತ್ತಿಲ್ಲದವರಿಗೆ ಕೆಲಸದ ರೀತಿ ಹೇಳ್ತೇನೆ. ರೈತರು ಮಾಲು ತಂದು ಇಳಿಸ್ತಾರೆ. ರಾಶಿ, ಬೆಟ್ಟೆ, ಗೊರಬಲು, ಚಾಲಿ ಅಂತ ಬೇರೆ ಬೇರೆ ಲಾಟು. ಕಾಟಾ ಮೇಲೆ ಚೀಲ ಇಟ್ಟರೆ ತೂಕ ಸೀರಿಯಲ್ ಪೋರ್ಟಿನ ತಂತಿಯಿಂದ ಸೀದಾ ಪರದೆ ಮೇಲಿನ ನನ್ನ ಫಾರ್ಮಿಗೆ ಬರುತ್ತೆ. ಟೆಂಡರ್ ಆದ ಮೇಲೆ ದರ ಹೊಡೆದು, ಮುಂಗಡ, ಬಡ್ಡಿ, ಹಮಾಲಿ ಕಳೆದು ಪಟ್ಟಿ (ರೈತರ ಲೆಕ್ಕದ ಚೀಟಿ) ಪ್ರಿಂಟ್ ಮಾಡಿ ಕೈಗೆ ಕೊಡಬೇಕು. ಸುಗ್ಗಿಯಲ್ಲಿ ಒಬ್ಬ ಗುಮಾಸ್ತರು ದಿನಕ್ಕೆ ಮುನ್ನೂರು ಸಾಲು ಹೊಡೀತಾರೆ, ಮೌಸ್ ಮುಟ್ಟದೆ.

ಈಗ ಯಜಮಾನರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. "ಅಂಕಲ್, ಮೊಬೈಲಲ್ಲಿ ನೋಡೋ ಹಾಗೆ ಮಾಡಿಕೊಡಿ, ಎಲ್ಲಾ ವೆಬ್‌ಗೆ ಹಾಕಿ" ಅಂತಾರೆ. ಒಂದು ಮಂಡಿಗೆ ಆಗಲೇ ಯಾರೋ ಬಂದು ಡೆಮೊ ತೋರಿಸಿ ಹೋಗಿದ್ದಾರೆ. ಮತ್ತೆ ಮೊದಲಿಂದ ಬರೆದರೆ ನನಗೆ ಒಂದೂವರೆ ವರ್ಷ ಬೇಕು. ಇಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಎರಡು ದಿನ ಇಂಟರ್ನೆಟ್ ಇರಲ್ಲ. ಏನು ಮಾಡಲಿ? ಮಾಡಿ ನೋಡಿದವರು ಹೇಳಿ.

ಮಲ್ಲೇಶ್ವರ_ಸ್ಟ್ಯಾಕ್ | ರಾತ್ರಿ 10:05

ವೆಬ್‌ಗೆ ಹೋಗಿ ಸರ್, ಯೋಚನೆಯೇ ಬೇಡ. ಹನ್ನೊಂದು ಕಡೆ ಹನ್ನೊಂದು ವರ್ಷನ್ ಇರುತ್ತೆ ತಾನೆ? ಒಂದು ತಪ್ಪು ಸರಿ ಮಾಡಿದ್ರೆ ಹನ್ನೊಂದು ಊರಿಗೆ ಹೋಗಬೇಕು ಅಥವಾ ದೂರದಿಂದ ಕಂಪ್ಯೂಟರ್ ನಡೆಸೋ ಎನಿಡೆಸ್ಕ್ ಹಾಕಿಕೊಂಡು ಕೂರಬೇಕು. ವೆಬ್‌ನಲ್ಲಿ ಸರ್ವರ್‌ಗೆ ಒಂದು ಸಲ ಹಾಕಿದ್ರೆ ಮುಗೀತು.

ದಾವಣಗೆರೆ_ಡಿಬಿಎಫ್ | ರಾತ್ರಿ 10:31

ಮಲ್ಲೇಶ್ವರದವರೇ, ನೀವು ಕೌಂಟರ್ ಮುಂದೆ ಕೂತು ನೋಡಿದ್ದೀರಾ? ನಾನು ಫಾಕ್ಸ್‌ಪ್ರೊ ಅನ್ನೋ ಹಳೇ ಡೇಟಾಬೇಸ್ ಭಾಷೆಯಲ್ಲಿ ಜವಳಿ ಅಂಗಡಿಗಳಿಗೆ ಇಪ್ಪತ್ತೈದು ವರ್ಷ ಕೆಲಸ ಮಾಡಿದವನು. ಎಂಟರ್ ಒತ್ತಿದ್ರೆ ಮುಂದಿನ ಖಾನೆ, ಎಫ್2 ಒತ್ತಿದ್ರೆ ಗಿರಾಕಿ ಪಟ್ಟಿ, ಎಫ್10ಕ್ಕೆ ಸೇವ್. ಬೆರಳಿಗೆ ಅಭ್ಯಾಸ ಆಗಿಬಿಟ್ಟಿರುತ್ತೆ. ನನ್ನ ಗಿರಾಕಿಯೊಬ್ಬರು ವೆಬ್‌ಗೆ ಹೋದ ಮೊದಲ ವಾರ ಅವರ ಕ್ಯಾಷಿಯರ್ ಅಭ್ಯಾಸಬಲದಿಂದ ಕಂಟ್ರೋಲ್ ಡಬ್ಲ್ಯೂ ಒತ್ತಿದರು. ಹಳೆಯ ಸಾಫ್ಟ್‌ವೇರಿನಲ್ಲಿ ಅದು ಬಿಲ್ ಉಳಿಸಿ ಮುಚ್ಚೋ ಕೀ. ಬ್ರೌಸರ್‌ನಲ್ಲಿ ಟ್ಯಾಬೇ ಹೋಯ್ತು, ನಲವತ್ತು ಐಟಂ ಬಿಲ್ ಮಾಯ. ಗಿರಾಕಿಗಳು ಸಾಲಲ್ಲಿ ನಿಂತಿದ್ರು.

ಇನ್ನೊಂದು ಮಾತು. 1998ರ ವಿಬಿ6 ಪ್ರೋಗ್ರಾಮ್ ಇವತ್ತಿನ ವಿಂಡೋಸ್ 11ರಲ್ಲೂ ಓಡುತ್ತೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ನಂಬಿ ಬ್ರೌಸರ್‌ಗೆ ಜೋಡಿಸೋ ಆಕ್ಟಿವ್‌ಎಕ್ಸ್ ಹಾಕಿ, ಸಿಲ್ವರ್‌ಲೈಟ್ ಹಾಕಿ ಬರೆದ ವೆಬ್ ಸಾಫ್ಟ್‌ವೇರ್‌ಗಳು ಎಲ್ಲಿ ಹೋದವು? ಸಿಲ್ವರ್‌ಲೈಟ್‌ಗೆ 2021ರಲ್ಲಿ, ಎಕ್ಸ್‌ಪ್ಲೋರರ್‌ಗೆ 2022ರಲ್ಲಿ ಬಾಗಿಲು ಹಾಕಿದರು. ಮೈಕ್ರೋಸಾಫ್ಟ್‌ನವರೇ ಆಕ್ಸೆಸ್ 2013ರಲ್ಲಿ ವೆಬ್ ಆ್ಯಪ್ ಅಂತ ತಂದು, ತಮ್ಮ ಕ್ಲೌಡ್ ಸೇವೆ ಶೇರ್‌ಪಾಯಿಂಟ್ ಆನ್‌ಲೈನ್‌ನಲ್ಲಿದ್ದವನ್ನು 2018ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. ಡೆಸ್ಕ್‌ಟಾಪ್ ಆಕ್ಸೆಸ್ ಮಾತ್ರ ಇನ್ನೂ ಇದೆ.

ಮಲ್ಲೇಶ್ವರ_ಸ್ಟ್ಯಾಕ್ | ರಾತ್ರಿ 10:40

ಸರ್, ಫಾಕ್ಸ್‌ಪ್ರೊಗೆ ಮೈಕ್ರೋಸಾಫ್ಟ್ ಬೆಂಬಲವೂ 2015ಕ್ಕೇ ನಿಂತಿತಲ್ಲ. ಅದನ್ನೂ ಹೇಳಬೇಕು.

ದಾವಣಗೆರೆ_ಡಿಬಿಎಫ್ | ರಾತ್ರಿ 10:44

ನಿಂತಿದೆ, ಒಪ್ತೀನಿ. ಬೆಂಬಲ ನಿಂತ ಮೇಲೂ ಅಂಗಡಿ ನಿಂತಿಲ್ಲ ಅಂತಲೇ ನಾನು ಹೇಳ್ತಿರೋದು.

ಪೋಸ್ಟ್‌ಗ್ರೆಸ್_ಅಕ್ಕ | ರಾತ್ರಿ 11:12

ಮೈಸೂರಿನಿಂದ. ನಾನು ಎರಡೂ ಕಡೆ ಕೆಲಸ ಮಾಡಿದ್ದೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಡೆಸ್ಕ್‌ಟಾಪ್ ಅಂದ್ರೆ ಇಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಒಂದು, ಫೈಲ್ ಹಂಚಿಕೊಳ್ಳೋದು: ಎಂಡಿಬಿ ಅಥವಾ ಡಿಬಿಎಫ್ (ಫಾಕ್ಸ್‌ಪ್ರೊ ಫೈಲ್) ಒಂದು ಕಂಪ್ಯೂಟರಲ್ಲಿ, ಉಳಿದ ಮೂರು ಕಂಪ್ಯೂಟರ್ ಅದನ್ನು ನೆಟ್‌ವರ್ಕ್ ಮೇಲೆ ನೇರವಾಗಿ ತೆರೆಯೋದು. ಇನ್ನೊಂದು, ಒಂದು ಡೇಟಾಬೇಸ್ ಸರ್ವರ್ ಇದ್ದು ಉಳಿದವರು ಅದನ್ನು ಕೇಳೋದು. ಮೊದಲನೆಯದರಲ್ಲಿ ಪ್ರತಿ ಕಂಪ್ಯೂಟರೂ ಫೈಲಿನ ಪುಟಗಳನ್ನು ತಾನೇ ಎಳೆದುಕೊಂಡು ತಾನೇ ಬರೆಯುತ್ತೆ. ಬರೆಯೋ ಮಧ್ಯೆ ಒಂದು ಕಂಪ್ಯೂಟರಿನ ಕರೆಂಟ್ ಹೋದ್ರೆ ಅಥವಾ ವೈಫೈ ಜಾರಿದ್ರೆ ಫೈಲ್ ಕೆಡುತ್ತೆ. ಎರಡನೆಯದರಲ್ಲಿ ಬರೆಯೋದು ಸರ್ವರ್ ಮಾತ್ರ. ಅದು ಮೊದಲು ಲಾಗ್‌ಗೆ (ದಿನಚರಿಯಂಥ ಫೈಲಿಗೆ) ಬರೆದು ಆಮೇಲೆ ಡೇಟಾಗೆ ಹೋಗುತ್ತೆ, ಮಧ್ಯದಲ್ಲಿ ನಿಂತರೂ ಎದ್ದ ಮೇಲೆ ಲಾಗ್ ನೋಡಿ ಸರಿಮಾಡಿಕೊಳ್ಳುತ್ತೆ. ಸಾಗರದವರೇ, ನಿಮ್ಮ ಆ ನಾಲ್ಕು ಎಂಡಿಬಿ ಮಂಡಿಗಳೇ ಮೊದಲ ಚಿಂತೆ. ವೆಬ್ ಆಮೇಲೆ.

ಎರಡನೇ ವಿಷಯ. ಈಗಿರೋ ಡೆಸ್ಕ್‌ಟಾಪ್ ಪ್ರೋಗ್ರಾಮನ್ನು ಹಾಗೇ ಇಟ್ಟುಕೊಂಡು ಡೇಟಾಬೇಸ್ ಮಾತ್ರ ಕ್ಲೌಡ್‌ಗೆ ಹಾಕೋಣ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಕೇಳಬೇಡಿ. ನಮ್ಮ ಹಳೇ ಡೆಸ್ಕ್‌ಟಾಪ್ ಕೋಡ್ ತುಂಬಾ ಮಾತಾಡುತ್ತೆ. ಒಂದು ಫಾರ್ಮ್ ತೆರೆಯೋಕೆ ರೈತನ ಹೆಸರಿಗೊಂದು ಕ್ವೆರಿ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆ), ಬಾಕಿಗೊಂದು, ಪ್ರತಿ ಲಾಟಿಗೊಂದು, ಹೀಗೆ ಇನ್ನೂರು ಆಗೋದು ಕಷ್ಟವೇನಲ್ಲ. ಒಳಗಿನ ನೆಟ್‌ವರ್ಕ್‌ನಲ್ಲಿ ಒಂದಕ್ಕೆ ಒಂದು ಮಿಲಿಸೆಕೆಂಡೂ ಹಿಡಿಯಲ್ಲ, ಗೊತ್ತೇ ಆಗಲ್ಲ. ಅದೇ ದೂರದ ಸರ್ವರ್‌ಗೆ ಹೋಗಿಬರೋಕೆ 40 ಮಿಲಿಸೆಕೆಂಡ್ ಅಂತ ಇಟ್ಕೊಳ್ಳಿ, ಇನ್ನೂರಕ್ಕೆ ಎಂಟು ಸೆಕೆಂಡ್. ಒಂದು ಫಾರ್ಮ್ ತೆರೆಯೋಕೆ ಎಂಟು ಸೆಕೆಂಡ್! ವೆಬ್ ಸಾಫ್ಟ್‌ವೇರ್‌ನಲ್ಲಿ ಕೋಡೂ ಡೇಟಾಬೇಸೂ ಅಕ್ಕಪಕ್ಕ ಕೂತಿರುತ್ತವೆ, ಪರದೆಗೆ ಬೇಕಾದಷ್ಟೇ ಒಂದೇ ಗಂಟಿನಲ್ಲಿ ಹೋಗುತ್ತೆ. ಆದ್ದರಿಂದ ಅದು ದೂರ ತಡೆದುಕೊಳ್ಳುತ್ತೆ.

ಹುಬ್ಳಿ_ಹುಡುಗ | ರಾತ್ರಿ 11:20

ಅಕ್ಕಾರ, ಒಂದು ಪ್ರಶ್ನೆ ಐತಿ. ನಾ ಇನ್ನೂ ಎಂಸಿಎ ಓದಾಕತ್ತೀನಿ. ಆ ಎಂಡಿಬಿ ಫೈಲ್ ಗೂಗಲ್ ಡ್ರೈವ್‌ನ್ಯಾಗ ಇಟ್ರ ಎಲ್ಲಾರೂ ನೋಡಬಹುದಲ್ರಿ?

ಪೋಸ್ಟ್‌ಗ್ರೆಸ್_ಅಕ್ಕ | ರಾತ್ರಿ 11:26

ಬೇಡಪ್ಪ. ಡ್ರೈವ್ ಇಡೀ ಫೈಲನ್ನು ಒಂದು ವಸ್ತು ಅಂತ ನೋಡುತ್ತೆ, ಒಳಗಿನ ಸಾಲುಗಳು ಅದಕ್ಕೆ ಗೊತ್ತಿಲ್ಲ. ನೀನು ಸಾಗರದಲ್ಲಿ ಒಂದು ಸಾಲು ಸೇರಿಸಿದೆ, ನಾನು ಶಿರಸಿಯಲ್ಲಿ ಇನ್ನೊಂದು ಸೇರಿಸಿದೆ ಅಂದ್ರೆ ಅದು ಎರಡು ಪ್ರತಿ ಮಾಡಿಡುತ್ತೆ, ಇಲ್ಲ ಒಂದನ್ನು ಇನ್ನೊಂದರ ಮೇಲೆ ಬರೆಯುತ್ತೆ. ಒಂದೇ ಫೈಲಲ್ಲಿರೋ ಸಣ್ಣ ಡೇಟಾಬೇಸ್ ಎಸ್‌ಕ್ಯೂಲೈಟ್‌ಗೂ ಇದೇ ಮಾತು. ಒಂದೇ ಕಂಪ್ಯೂಟರಲ್ಲಿ ಅದರಷ್ಟು ಗಟ್ಟಿ ಇನ್ನೊಂದಿಲ್ಲ, ಆದರೆ ನೆಟ್‌ವರ್ಕ್ ಫೋಲ್ಡರ್‌ನಲ್ಲಿಟ್ಟು ನಾಲ್ಕು ಜನ ಬರೆಯಬೇಡಿ ಅಂತ ಅದನ್ನು ಮಾಡಿದವರೇ ಬರೆದಿದ್ದಾರೆ.

ಹುಬ್ಳಿ_ಹುಡುಗ | ರಾತ್ರಿ 11:28

ತಿಳೀತ್ರಿ ಅಕ್ಕಾರ. ನಮ್ಮ ಪ್ರಾಜೆಕ್ಟ್ ಹಂಗ ಮಾಡಿದ್ವಿ, ನಾಳೆ ಬದಲಿ ಮಾಡ್ತೀವಿ.

ಕರಾವಳಿ_ಬೈಟ್ | ಶನಿವಾರ, ಬೆಳಿಗ್ಗೆ 7:15

ನಾನು ಪುತ್ತೂರಿನವ. ನನ್ನ ಕಥೆ ಕೇಳಿ ಮಾರಾಯ್ರೆ, ಇದು ಎಲ್ಲರಿಗೂ ಉಪಯೋಗಕ್ಕೆ ಬಂದೀತು.

ಒಂದು ಕ್ಲಿನಿಕ್‌ಗೆ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಡಾಕ್ಟರಿಗೆ ಮನೆಯಿಂದ ನೋಡಬೇಕಿತ್ತು. ಇಂಟರ್ನೆಟ್ ಹಾಕಲು ಬಂದ ಹುಡುಗನ ಹತ್ತಿರ ಹೇಳಿ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆದೆವು. ಪಾಸ್‌ವರ್ಡ್ ಕ್ಲಿನಿಕ್‌ನ ಹೆಸರು ಮತ್ತು 123. ಮೂರನೇ ತಿಂಗಳು ಸೋಮವಾರ ಬೆಳಿಗ್ಗೆ ಫೋನ್ ಬಂತು. ಹೋಗಿ ನೋಡಿದರೆ ಡೆಸ್ಕ್‌ಟಾಪ್‌ನ ಮೇಲೆ ಒಂದೇ ಒಂದು ಟೆಕ್ಸ್ಟ್ ಫೈಲ್, ಹಣ ಕೊಡಿ ಅಂತ. ಡೇಟಾಬೇಸ್ ಫೈಲ್‌ಗಳ ಹೆಸರಿನ ಕೊನೆಯಲ್ಲಿ ಏನೇನೋ ಅಕ್ಷರ. ಬ್ಯಾಕಪ್ ಇತ್ತು, ಆದರೆ ಅದೇ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ, ಅದೂ ಹೋಗಿತ್ತು. ನಾಲ್ಕು ತಿಂಗಳ ಹಿಂದೆ ನಾನು ನನ್ನ ಲ್ಯಾಪ್‌ಟಾಪ್‌ಗೆ ತಂದಿದ್ದ ಒಂದು ಪ್ರತಿ ಮಾತ್ರ ಉಳಿದದ್ದು. ರಿಸೆಪ್ಷನ್‌ನ ಹುಡುಗಿ ಕೈಬರಹದ ರಿಜಿಸ್ಟರ್ ಇಟ್ಟಿದ್ದಳು, ಅದನ್ನು ನೋಡಿ ಇಬ್ಬರೂ ಎಂಟು ದಿನ ಕೂತು ಮತ್ತೆ ಟೈಪ್ ಮಾಡಿದೆವು. ಆ ಹುಡುಗಿಗೆ ನಾನು ಇವತ್ತಿಗೂ ಋಣಿ.

ಮೊಬೈಲ್‌ನಲ್ಲಿ ನೋಡಬೇಕು ಅಂದ ಕೂಡಲೇ ಪೋರ್ಟ್ ತೆರೆಯಬೇಡಿ. 3389 ಬೇಡ, ಎಸ್‌ಕ್ಯೂಎಲ್ ಸರ್ವರ್‌ನ 1433 ಅಂತೂ ಬೇಡವೇ ಬೇಡ.

ತುಂಗಾತೀರ | ಬೆಳಿಗ್ಗೆ 8:02

ಇದರ ಜೊತೆಗೆ ಇನ್ನೊಂದು ಸೇರಿಸ್ತೀನಿ. ಡೆಸ್ಕ್‌ಟಾಪ್ ಪ್ರೋಗ್ರಾಮ್ ಡೇಟಾಬೇಸ್‌ಗೆ ನೇರ ಹೋಗುತ್ತೆ ಅಂದ್ರೆ ಪಾಸ್‌ವರ್ಡ್ ಪ್ರತಿ ಕಂಪ್ಯೂಟರಿನ ಕಾನ್ಫಿಗ್ ಫೈಲಲ್ಲೂ ಕೂತಿರುತ್ತೆ. ನೋಟ್‌ಪ್ಯಾಡಲ್ಲಿ ತೆರೆದರೆ ಕಾಣುತ್ತೆ. ನಾನು ನೋಡಿದ ಹತ್ತರಲ್ಲಿ ಎಂಟು ಕಡೆ 'ಎಸ್‌ಎ' (ಎಲ್ಲ ಅಧಿಕಾರ ಇರೋ) ಖಾತೆಯೇ ಹಾಕಿದ್ರು. ಗುಮಾಸ್ತರ ಮಗ ಮನಸ್ಸು ಮಾಡಿದ್ರೆ ಎಕ್ಸೆಲ್‌ನಿಂದಲೇ ಬಾಕಿ ತಿದ್ದಬಹುದು. ನಡುವೆ ಒಂದು ಸರ್ವರ್ ಕೋಡ್ ಇದ್ರೆ ಈ ತೊಂದರೆ ಇಲ್ಲ.

ಸಾಗರ_ಕೋಡ್ | ಬೆಳಿಗ್ಗೆ 8:40

ತುಂಗಾತೀರದವರೇ, ನಂದೂ 'ಎಸ್‌ಎ' ಖಾತೆಯೇ. ಇವತ್ತೇ ಬದಲಾಯಿಸ್ತೇನೆ.

ಕರಾವಳಿಯವರ ಕಥೆ ಓದಿ ರಾತ್ರಿಯ ನಿದ್ದೆಯೆಲ್ಲ ಹಾರಿಹೋಯ್ತು. ಅದಿರಲಿ, ಪ್ರಿಂಟ್ ವಿಷಯ ಯಾರೂ ಹೇಳ್ಲಿಲ್ಲ. ಎಲ್ಲಾ ಮಂಡಿಗಳಲ್ಲೂ ಡಾಟ್ ಮ್ಯಾಟ್ರಿಕ್ಸ್, ಮೂರು ಪ್ರತಿ ಕಾರ್ಬನ್ ಹಾಳೆ. ಬ್ರೌಸರ್‌ನಿಂದ ಹೇಗೆ?

ದಾವಣಗೆರೆ_ಡಿಬಿಎಫ್ | ಬೆಳಿಗ್ಗೆ 9:01

ಅಲ್ಲೇ ವೆಬ್‌ನವರು ಸಿಕ್ಕಿಬೀಳೋದು. ಬ್ರೌಸರ್ ಪುಟವನ್ನು ಚಿತ್ರ ಮಾಡಿ ಕಳಿಸುತ್ತೆ, ಪ್ರಿಂಟರ್ ಪಿನ್ ಒಂದೊಂದು ಸಾಲಿಗೂ ಎರಡು ಮೂರು ಸಲ ಓಡಾಡುತ್ತೆ. ಪಟ್ಟಿ ಬರೋದರೊಳಗೆ ರೈತರು ಕಾಫಿ ಕುಡಿದು ಬರಬಹುದು.

ಪೋಸ್ಟ್‌ಗ್ರೆಸ್_ಅಕ್ಕ | ಬೆಳಿಗ್ಗೆ 9:30

ಸರ್, ಕನ್ನಡದಲ್ಲಿ ಪಟ್ಟಿ ಕೊಡ್ತೀರಿ ಅಂದ್ರೆ ಡೆಸ್ಕ್‌ಟಾಪಲ್ಲೂ ಚಿತ್ರವಾಗಿಯೇ ಹೋಗೋದು. ಆ ಪ್ರಿಂಟರ್‌ನ ಒಳಗೆ ಕನ್ನಡ ಅಕ್ಷರ ಇಲ್ವಲ್ಲ. ಇಂಗ್ಲಿಷ್ ಪಟ್ಟಿಗೆ ಮಾತ್ರ ನೀವು ಹೇಳಿದ್ದು ಸರಿ. ಅದಕ್ಕೂ ದಾರಿ ಇದೆ. ಕ್ಯೂಝೆಡ್ ಟ್ರೇ ಥರದ ಒಂದು ಸಣ್ಣ ಪ್ರೋಗ್ರಾಮ್ ಆ ಕಂಪ್ಯೂಟರಲ್ಲಿ ಹಾಕಿದ್ರೆ ವೆಬ್ ಪುಟದಿಂದ ಪ್ರಿಂಟರ್‌ಗೆ ನೇರ ಕಳಿಸಬಹುದು. ಕಾಟಾದ ತೂಕ ಓದೋಕೆ ಕ್ರೋಮ್‌ನಲ್ಲಿ ವೆಬ್ ಸೀರಿಯಲ್ ಇದೆ, 2021ರ 89ನೇ ಆವೃತ್ತಿಯಿಂದ. ನಾನು ಒಂದು ಹಾಲಿನ ಡೇರಿಗೆ ಅದರಲ್ಲಿ ತೂಕ ಓದಿಸಿದ್ದೀನಿ, ಕೆಲಸ ಮಾಡುತ್ತೆ. ಆದರೆ ಪೋರ್ಟ್ ಆರಿಸಿ ಅನುಮತಿ ಕೊಡೋ ಮೊದಲ ಸಲ ಪಕ್ಕದಲ್ಲಿ ನಿಂತು ಮಾಡಿಸಬೇಕು.

ಮಲ್ಲೇಶ್ವರ_ಸ್ಟ್ಯಾಕ್ | ಬೆಳಿಗ್ಗೆ 9:48

ಇಂಟರ್ನೆಟ್ ಇಲ್ಲದಾಗಲೂ ಓಡೋ ಪಿಡಬ್ಲ್ಯೂಎ (ಆ್ಯಪ್ ಥರ ಹಾಕಿಕೊಳ್ಳೋ ವೆಬ್ ಪುಟ) ಮಾಡಬಹುದು. ಬ್ರೌಸರ್ ಒಳಗೇ ಇಂಡೆಕ್ಸ್‌ಡ್ ಡಿಬಿ ಅನ್ನೋ ಡೇಟಾಬೇಸ್ ಇದೆ. ಲೈನ್ ಬಂದ ಮೇಲೆ ಸಿಂಕ್, ಅಂದ್ರೆ ಎರಡೂ ಕಡೆಯ ಡೇಟಾ ಹೊಂದಿಸೋದು.

ತುಂಗಾತೀರ | ಬೆಳಿಗ್ಗೆ 10:10

ಸಿಂಕ್ ಅನ್ನೋದು ಎರಡಕ್ಷರ, ಅದನ್ನು ಬರೆಯೋಕೆ ನನಗೆ ಒಂಬತ್ತು ತಿಂಗಳು ಹಿಡಿಯಿತು. ಎರಡು ಕೌಂಟರ್ ಆಫ್‌ಲೈನ್‌ನಲ್ಲಿ ಇದ್ದಾಗ ಎರಡೂ 1042ನೇ ನಂಬರಿನ ಪಟ್ಟಿ ಕೊಟ್ಟವು. ರೈತರ ಕೈಗೆ ಕಾಗದ ಹೋಗಿಬಿಟ್ಟಿದೆ, ಈಗ ಯಾವುದನ್ನು ಬದಲಾಯಿಸ್ತೀರಿ? ಕೊನೆಗೆ ಕೌಂಟರ್‌ಗೊಂದು ಅಕ್ಷರ ಕೊಟ್ಟು ಎ-1042, ಬಿ-1042 ಮಾಡಿದೆ. ಮುಂಗಡ ಬಾಕಿಯದ್ದು ಇನ್ನೂ ಕಷ್ಟ. ಒಬ್ಬರೇ ರೈತರ ಬಾಕಿ ಎರಡು ಕಡೆ ಕಳೆದಿತ್ತು. ಬಾಕಿ ಅಂತ ಒಂದು ಸಂಖ್ಯೆ ಇಟ್ಟು ತಿದ್ದೋದನ್ನು ಬಿಟ್ಟು, ಪ್ರತಿ ಜಮಾ ಖರ್ಚನ್ನೂ ಬೇರೆ ಸಾಲಾಗಿ ಸೇರಿಸ್ತಾ ಹೋದ ಮೇಲೆ ಸರಿಹೋಯ್ತು. ಹಳೇ ಖಾತೆ ಪುಸ್ತಕದ ರೀತಿಯೇ.

ಮತ್ತೆ ಬ್ರೌಸರ್ ಒಳಗಿನ ಡೇಟಾ ನಿಮ್ಮದಲ್ಲ. ಐಫೋನ್‌ನ ಸಫಾರಿ 2020ರಿಂದ ಏಳು ದಿನ ಬಳಸದ ಸೈಟಿನ ಡೇಟಾ ಅಳಿಸುತ್ತೆ. ಯಾರೋ ಹಿಸ್ಟರಿ ಕ್ಲಿಯರ್ ಮಾಡುವಾಗ ಎಲ್ಲಾ ಟಿಕ್ ಹಾಕಿದ್ರೆ ಕ್ರೋಮ್‌ನಲ್ಲೂ ಹೋಗುತ್ತೆ. ಮಂಡಿ ಲೆಕ್ಕಕ್ಕೆ ಅದನ್ನು ನಂಬೋ ಧೈರ್ಯ ನನಗಿಲ್ಲ.

ಸಾಗರ_ಕೋಡ್ | ಬೆಳಿಗ್ಗೆ 10:35

ಇನ್ನೊಂದು ತಲೆನೋವು ಹೇಳೋದು ಮರೆತೆ. ಹಳೆಯ ನಾಲ್ಕು ಮಂಡಿಗಳ ರೈತರ ಹೆಸರೆಲ್ಲ ನುಡಿ ಫಾಂಟಿನಲ್ಲಿವೆ. ಯೂನಿಕೋಡ್ (ಎಲ್ಲ ಭಾಷೆಗೂ ಒಂದೇ ಸಂಕೇತ ಪದ್ಧತಿ) ಅಲ್ಲ, ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡ ಚಿತ್ರ ಕೂರಿಸಿದ ಹಳೇ ಆಸ್ಕಿ. ಫಾಂಟ್ ತೆಗೆದರೆ 'ನ' ಇರೋ ಕಡೆಯೆಲ್ಲ ಪೌಂಡ್ ಗುರುತು ಕಾಣುತ್ತೆ. ಒಂದು ಕನ್ವರ್ಟರ್ ಹಾಕಿ ನೋಡಿದೆ, ಕಣ್ಣಿಗೆ ಸರಿ ಕಾಣುತ್ತೆ. ಆದರೆ 'ಗೋಪಾಲ' ಅಂತ ಹುಡುಕಿದ್ರೆ ಅರ್ಧ ಗೋಪಾಲರು ಸಿಗಲ್ಲ!

ಪೋಸ್ಟ್‌ಗ್ರೆಸ್_ಅಕ್ಕ | ಬೆಳಿಗ್ಗೆ 10:58

ಇದು ನನಗೆ ತುಂಬಾ ಇಷ್ಟದ ವಿಷಯ, ದಾರಿ ತಪ್ಪಿದ್ರೂ ಬರೀತೀನಿ.

ನುಡಿಯ ಹಳೇ ಆಸ್ಕಿಯಲ್ಲಿ ಅಕ್ಷರವನ್ನು ಕಣ್ಣಿಗೆ ಕಾಣೋ ತುಂಡುಗಳಾಗಿ ಇಟ್ಟಿರ್ತಾರೆ. 'ಗೋ' ಬರೆಯೋಕೆ ಎತ್ವದ ತುಂಡು, ಕೊಂಬಿನ ತುಂಡು, ದೀರ್ಘದ ತುಂಡು. ಅರೆಬರೆ ಕನ್ವರ್ಟರ್ ಆ ಮೂರನ್ನೂ ಮೂರು ಯೂನಿಕೋಡ್ ಚಿಹ್ನೆ ಮಾಡಿ ಸಾಲಾಗಿ ಇಟ್ಟುಬಿಡುತ್ತೆ. ನೀವು ಕೀಲಿಮಣೆಯಲ್ಲಿ ಹೊಡೆದಾಗ ಬರೋದು ಓತ್ವದ ಒಂದೇ ಚಿಹ್ನೆ. ಪರದೆ ಮೇಲೆ ಎರಡೂ 'ಗೋ', ಡೇಟಾಬೇಸ್‌ಗೆ ಎರಡು ಬೇರೆ ಬೇರೆ ಪದ. ಯೂನಿಕೋಡ್‌ನಲ್ಲಿ ಇದಕ್ಕೆ ತುಂಡು ಚಿಹ್ನೆಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರೋ ಎನ್‌ಎಫ್‌ಸಿ ಅನ್ನೋ ನಾರ್ಮಲೈಸೇಷನ್ ಇದೆ, ಡಾಟ್ ನೆಟ್‌ನಲ್ಲಿ ಒಂದು ಸಾಲಿನ ಕೋಡ್. ಹಳೆಯದನ್ನೂ ಹೊಸದಾಗಿ ಬರೋದನ್ನೂ ಅದರ ಮೂಲಕ ಹಾಯಿಸಿ ಉಳಿಸಿ, ಹುಡುಕೋ ಪದವನ್ನೂ ಹಾಯಿಸಿ. ಗೋಪಾಲರೆಲ್ಲ ಸಿಗ್ತಾರೆ.

ಅರ್ಕಾವತ್ತು ಇನ್ನೊಂದು ಬಲೆ. ಆಸ್ಕಿಯಲ್ಲಿ ಅದು ಅಕ್ಷರದ ನಂತರ ಕೂತಿರುತ್ತೆ, ಯೂನಿಕೋಡ್‌ನಲ್ಲಿ 'ರ'ಕಾರ ಮೊದಲು ಬರಬೇಕು. 'ಸೂರ್ಯ' ಸರಿ ಬಂತಾ ನೋಡಿ. ಆಮೇಲೆ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಾಲಂ ಎನ್‌ವಾರ್‌ಚಾರ್ (ಯೂನಿಕೋಡ್ ಹಿಡಿಯೋ ಬಗೆ) ಆಗಿರಬೇಕು. ಕ್ವೆರಿಯಲ್ಲಿ ಹೆಸರನ್ನು ಅಂಟಿಸಿ ಬರೆಯೋ ಅಭ್ಯಾಸ ಇದ್ರೆ ಮುಂದೆ 'ಎನ್' ಅಕ್ಷರ ಹಾಕದಿದ್ದಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತೆ, ಮೂಲ ಹೆಸರು ಹೋದಂತೆಯೇ. ಹೆಸರನ್ನು ಅಂಟಿಸದೆ ಬೇರೆಯಾಗಿ ಕೊಡೋ ಪ್ಯಾರಾಮೀಟರ್ ಬಳಸಿ.

ವೆಬ್‌ಗೆ ಹೋಗಲಿ ಬಿಡಲಿ, ಈ ಕೆಲಸ ಮಾಡಲೇಬೇಕು. ವಿಬಿ6ರ ಸಾಮಾನ್ಯ ಟೆಕ್ಸ್ಟ್‌ಬಾಕ್ಸ್‌ಗೆ ಯೂನಿಕೋಡ್ ಬರಲ್ಲ, ಫಾಕ್ಸ್‌ಪ್ರೊಗೂ ಬರಲ್ಲ. ಹಳೇ ಡೆಸ್ಕ್‌ಟಾಪ್ ಬಿಡೋಕೆ ನನ್ನ ದೊಡ್ಡ ಕಾರಣ ಇದೇ. ರೈತರ ಹೆಸರು ಒಂದು ಫಾಂಟಿನ ಕೈದಿಯಾಗಿರಬಾರದು.

ದಾವಣಗೆರೆ_ಡಿಬಿಎಫ್ | ಬೆಳಿಗ್ಗೆ 11:20

ಮೇಡಂ, ಇದನ್ನು ಹತ್ತು ವರ್ಷ ಹಿಂದೆ ಯಾರಾದ್ರೂ ಹೀಗೆ ಬಿಡಿಸಿ ಹೇಳಿದ್ರೆ ನನ್ನ ಎರಡು ವರ್ಷ ಉಳೀತಿತ್ತು. ಉಳಿಸಿಟ್ಕೊಂಡಿದ್ದೀನಿ.

ಕರಾವಳಿ_ಬೈಟ್ | ಬೆಳಿಗ್ಗೆ 11:31

ಟ್ಯಾಲಿ ನೋಡಿ, ಬೆಂಗಳೂರಿನಲ್ಲೇ 1986ರಲ್ಲಿ ಶುರುವಾದದ್ದು. ಇವತ್ತಿಗೂ ಕಂಪ್ಯೂಟರಿನಲ್ಲೇ ಹಾಕಿಕೊಳ್ಳುವ ಸಾಫ್ಟ್‌ವೇರ್. ರಿಪೋರ್ಟ್ ಮಾತ್ರ ಬ್ರೌಸರ್‌ನಲ್ಲಿ ನೋಡುವ ಹಾಗೆ ಮಾಡಿದ್ದಾರೆ. ಬರೆಯುವುದು ಕೌಂಟರಿನಲ್ಲಿ, ನೋಡುವುದು ಎಲ್ಲಿಂದಲಾದರೂ. ಸಾಗರದವರಿಗೂ ಇದೇ ಸಾಕಲ್ವಾ? ಯಜಮಾನರ ಮಗ ಮೊಬೈಲ್‌ನಲ್ಲಿ ಪಟ್ಟಿ ಹೊಡೆಯುವುದುಂಟಾ? ಇಲ್ಲ. ಇವತ್ತು ಎಷ್ಟು ಚೀಲ ಬಂತು, ಯಾರಿಗೆ ಎಷ್ಟು ಮುಂಗಡ ಹೋಯ್ತು, ಅಷ್ಟೇ ಬೇಕಾದದ್ದು.

ಮಲ್ಲೇಶ್ವರ_ಸ್ಟ್ಯಾಕ್ | ಮಧ್ಯಾಹ್ನ 12:05

ಈ ಮಾತು ಒಪ್ಪಿದೆ. ಕೌಂಟರ್‌ನ ಪ್ರೋಗ್ರಾಮ್ ಹಾಗೇ ಇರಲಿ. ಹತ್ತು ನಿಮಿಷಕ್ಕೊಮ್ಮೆ ಒಂದು ಸಣ್ಣ ಸರ್ವಿಸ್ ಹೊಸ ಸಾಲುಗಳನ್ನು ಎಚ್‌ಟಿಟಿಪಿಎಸ್ ಮೇಲೆ ಹೊರಗೆ ತಳ್ಳಲಿ. ಒಳಗಿಂದ ಹೊರಗೆ ಮಾತ್ರ, ಮಂಡಿಯಲ್ಲಿ ಪೋರ್ಟ್ ತೆರೆಯೋ ಅಗತ್ಯವೇ ಇಲ್ಲ. ಲೈನ್ ಹೋದ್ರೆ ಕಾಯುತ್ತೆ, ಬಂದ ಮೇಲೆ ತಳ್ಳುತ್ತೆ. ವೆಬ್ ಕಡೆ ಬರೀ ನೋಡೋದು, ತಿದ್ದೋಕೆ ಬಿಡಬೇಡಿ, ತುಂಗಾತೀರದವರು ಹೇಳಿದ ಸಿಂಕ್ ಗೋಜಲು ಬರಲ್ಲ. ಪ್ರತಿ ಟೇಬಲ್‌ಗೆ, ಸಾಲು ಬದಲಾದಾಗೆಲ್ಲ ತಾನೇ ಏರೋ ರೋವರ್ಷನ್ ಕಾಲಂ ಸೇರಿಸಿದ್ರೆ ಯಾವುದು ಹೊಸದು ಅಂತ ಗೊತ್ತಾಗುತ್ತೆ. ಎರಡು ತಿಂಗಳ ಕೆಲಸ, ಒಂದೂವರೆ ವರ್ಷದ್ದಲ್ಲ. ವರ್ಷನ್ ತಲೆನೋವಿಗೆ ಕ್ಲಿಕ್‌ಒನ್ಸ್ ಹಾಕಿ, ತಾನೇ ಅಪ್‌ಡೇಟ್ ಆಗುತ್ತೆ.

ಆದರೆ ಹೊಸ ಮಂಡಿ ಬಂದ್ರೆ, ಅದೂ ಮೂರು ಊರಲ್ಲಿ ಶಾಖೆ ಇದ್ರೆ, ನಾನು ಈಗಲೂ ಮೊದಲಿಂದ ವೆಬ್ ಅಂತಲೇ ಹೇಳ್ತೀನಿ.

ತುಂಗಾತೀರ | ಮಧ್ಯಾಹ್ನ 12:20

ರೋವರ್ಷನ್‌ನಲ್ಲಿ ಅಳಿಸಿದ ಸಾಲು ಗೊತ್ತಾಗಲ್ಲ, ನೆನಪಿರಲಿ. ಅಳಿಸೋ ಬದಲು 'ರದ್ದು' ಅಂತ ಒಂದು ಕಾಲಂ ಇಡಿ.

ಹುಬ್ಳಿ_ಹುಡುಗ | ಮಧ್ಯಾಹ್ನ 12:41

ರೊಕ್ಕದ ಮಾತು ಯಾರೂ ಆಡವಲ್ರಿ. ಸರ್ವರ್ ಬಾಡಿಗಿ ಯಾರ ಕೊಡ್ತಾರ್ರಿ?

ದಾವಣಗೆರೆ_ಡಿಬಿಎಫ್ | ಮಧ್ಯಾಹ್ನ 12:55

ಸರಿಯಾದ ಪ್ರಶ್ನೆ ತಮ್ಮಾ. ಡೆಸ್ಕ್‌ಟಾಪಲ್ಲಿ ಒಂದು ಸಲ ದುಡ್ಡು, ಆಮೇಲೆ ವರ್ಷಕ್ಕೊಂದು ಎಎಂಸಿ (ವಾರ್ಷಿಕ ನಿರ್ವಹಣೆ ಶುಲ್ಕ). ಯಜಮಾನರು ಎಎಂಸಿ ಕೊಡದೆ ಇದ್ರೂ ಅವರ ಲೆಕ್ಕ ನಡೆಯುತ್ತೆ. ವೆಬ್‌ನಲ್ಲಿ ಬಾಡಿಗೆ ಪ್ರತಿ ತಿಂಗಳೂ ನಮ್ಮ ಕೈಯಿಂದ ಹೋಗುತ್ತೆ, ಅವರು ಮೂರು ತಿಂಗಳು ಕೊಡಲಿಲ್ಲ ಅಂದ್ರೆ ಏನು ಮಾಡ್ತೀರಿ, ಸುಗ್ಗಿ ಮಧ್ಯೆ ಬಂದ್ ಮಾಡ್ತೀರಾ? ಮನಸ್ಸು ಬರಲ್ಲ. ಕರಾರು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ದುಡ್ಡು ನಿಂತರೂ ಅವರ ಡೇಟಾವನ್ನು ಎಕ್ಸೆಲ್‌ನಲ್ಲಿ ಕೊಡ್ತೀವಿ ಅನ್ನೋದನ್ನೂ ಬರೆಯಿರಿ. ಲೆಕ್ಕ ಅವರದ್ದು.

ಸಾಗರ_ಕೋಡ್ | ಭಾನುವಾರ, ಸಂಜೆ 6:15

ಎಲ್ಲರಿಗೂ ಋಣಿ. ನಿನ್ನೆ ಇವತ್ತು ಎರಡು ದಿನ ಓಡಾಡಿದೆ.

ಮೊದಲು ಹನ್ನೊಂದೂ ಮಂಡಿಗಳ ಬ್ಯಾಕಪ್ ನೋಡಿದೆ. ಎಕ್ಸ್‌ಪ್ರೆಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋ ಏಜೆಂಟ್ ಇಲ್ಲದ ಕಾರಣ ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕಿಟ್ಟಿದ್ದೆ. ಐದು ಕಡೆ ಸರಿ ಇದೆ. ಎರಡು ಕಡೆ ವಿಂಡೋಸ್ ಪಾಸ್‌ವರ್ಡ್ ಬದಲಾಯಿಸಿದ ದಿನದಿಂದ ಓಡಿಲ್ಲ, ಒಂದು ಕಡೆ ಏಳು ತಿಂಗಳು. ಎಂಡಿಬಿ ಇರೋ ನಾಲ್ಕೂ ಕಡೆ ಪೆನ್‌ಡ್ರೈವ್‌ಗೆ ಕೈಯಿಂದ ತೆಗೀತಾರೆ, ಒಬ್ಬರ ಪೆನ್‌ಡ್ರೈವ್ ತೆರೆಯಲೇ ಇಲ್ಲ. ಎಲ್ಲವನ್ನೂ ಸರಿ ಮಾಡಿ, ಒಂದೊಂದನ್ನು ನನ್ನ ಲ್ಯಾಪ್‌ಟಾಪಲ್ಲಿ ಮತ್ತೆ ಏರಿಸಿ ನೋಡಿಯೇ ಹೊರಟೆ.

ಆ ನಾಲ್ಕು ಯಜಮಾನರಲ್ಲಿ ಮೂವರು ಎಸ್‌ಕ್ಯೂಎಲ್ ಸರ್ವರ್‌ಗೆ ಒಪ್ಪಿದ್ದಾರೆ, ತೆರೆಯದ ಪೆನ್‌ಡ್ರೈವ್ ತೋರಿಸಿದ ಮೇಲೆ. ಅದು ಮಳೆಗಾಲದಲ್ಲಿ, ಮಾಲು ಕಡಿಮೆ ಇರುವಾಗ. ಹೆಸರುಗಳ ಯೂನಿಕೋಡ್ ಕೆಲಸವೂ ಆಗಲೇ. ಆಮೇಲೆ ಮೊಬೈಲ್‌ಗೆ ನೋಡೋ ಪುಟ, ಮಲ್ಲೇಶ್ವರದವರು ಹೇಳಿದ ರೀತಿ. ಕೌಂಟರ್ ಡೆಸ್ಕ್‌ಟಾಪಲ್ಲೇ ಇರುತ್ತೆ.

ಒಂದು ಮಂಡಿಯ ಹಿರಿಯ ಗುಮಾಸ್ತರನ್ನು ಕೇಳಿದೆ, ಹೊಸದರಲ್ಲಿ ಏನು ಬೇಕು ಅಂತ. ಅವರು ಕೀಲಿಮಣೆ ತಿರುಗಿಸಿ ತೋರಿಸಿದ್ರು. ಎಂಟರ್ ಕೀ ಮೇಲಿನ ಅಕ್ಷರ ಸವೆದು ಬೆಳ್ಳಗಾಗಿದೆ. "ಇದು ಈಗ ಎಲ್ಲಿಗೆ ಹೋಗ್ತದೋ ಅಲ್ಲಿಗೇ ಹೋಗ್ಬೇಕು, ಬೇರೆ ಏನು ಬೇಕಾದ್ರೂ ಮಾಡ್ಕ" ಅಂದ್ರು.

ಅಕ್ಕಾ, ಆ ನಾರ್ಮಲೈಸೇಷನ್ ಕೋಡ್ ಒಂದು ಮಾದರಿ ಕಳಿಸ್ತೀರಾ?

ಪೋಸ್ಟ್‌ಗ್ರೆಸ್_ಅಕ್ಕ | ಸಂಜೆ 6:40

ರಾತ್ರಿ ಹಾಕ್ತೀನಿ. ಪರೀಕ್ಷೆಗೆ ಗೋಪಾಲ, ಕೊಪ್ಪ, ಸೂರ್ಯ, ಕೃಷ್ಣಮೂರ್ತಿ ಈ ನಾಲ್ಕು ಹೆಸರು ಹಾಕಿ ನೋಡಿ. ಮೂಲ ಎಂಡಿಬಿಯ ಒಂದು ಪ್ರತಿ ಬೇರೆ ಎತ್ತಿಟ್ಟು ಆಮೇಲೆ ಶುರು ಮಾಡಿ.